ಅತ್ತೆಯ ಬೆರಕೆ ಎಣ್ಣೆ

ಅನುಮಾನ ಪಡುವುದಕ್ಕೆ ನನಗೆ ಸಂಬಳ ಕೊಡುತ್ತಿದ್ದರು. ತಮಾಷೆಗೆ ಹೇಳುತ್ತಿಲ್ಲ. ಅರವತ್ತರ ದಶಕದ ಕೊನೆಯ ವರ್ಷಗಳಲ್ಲಿ, ಕೊಚ್ಚಿಯ ಮಟ್ಟಾಂಚೇರಿಯಲ್ಲಿ ಮಜ್ಜಿಗೆ ಹುಲ್ಲಿನ ಎಣ್ಣೆಯನ್ನು ಹಡಗಿಗೆ ಹಾಕಿ ಹೊರದೇಶಕ್ಕೆ ಕಳಿಸುವ ಒಂದು ವ್ಯಾಪಾರಿ ಸಂಸ್ಥೆ ಇತ್ತು. ಅದರ ಪ್ರಯೋಗಶಾಲೆಯಲ್ಲಿ ನಾನು ಎಣ್ಣೆ ಪರೀಕ್ಷಿಸುತ್ತಿದ್ದೆ. ಮಲಯಾಳಿಗಳು ಅದಕ್ಕೆ ಪುಲ್‌ತೈಲ ಅನ್ನುತ್ತಾರೆ. ಬೆಟ್ಟದ ಕಡೆಯಿಂದ ಡಬ್ಬಗಳಲ್ಲಿ ಬಂದ ಎಣ್ಣೆಗೆ ಸೀಮೆಎಣ್ಣೆ ಬೆರೆಸಿದ್ದಾರೋ, ತೆಂಗಿನೆಣ್ಣೆ ಬೆರೆಸಿದ್ದಾರೋ ಎಂದು ನೋಡಿ, ಬೆರಕೆ ಇದ್ದರೆ ಡಬ್ಬದ ಮೇಲೆ ಕೆಂಪು ಗೀಟು ಎಳೆಯುವುದು ನನ್ನ ಕೆಲಸ. ಎಣ್ಣೆ ತಂದವರು ದೇವರ ಮೇಲೆ ಆಣೆ ಇಟ್ಟರೂ ನಾನು ನಂಬುತ್ತಿರಲಿಲ್ಲ. ಮನೆಗೆ ಬಂದ ಮೇಲೂ ಈ ಬುದ್ಧಿ ನನ್ನನ್ನು ಬಿಡುತ್ತಿರಲಿಲ್ಲ.

ಈಗ ಯಾವುದಾದರೂ ಹೆಣ್ಣುಮಗಳು ನನ್ನ ಹತ್ತಿರ ಬಂದು, "ಮುಟ್ಟಿನ ನೋವಿಗೆ ಯಾವ ಎಣ್ಣೆ ಒಳ್ಳೆಯದು?" ಎಂದು ಕೇಳಿದರೆ ನಾನು ಎಣ್ಣೆಯ ಹೆಸರು ಹೇಳುವುದಿಲ್ಲ. ಕೂರಿಸಿಕೊಂಡು ಈ ಕಥೆ ಹೇಳುತ್ತೇನೆ. ಕೇಳಿದವರು ಬೇಸರಪಟ್ಟುಕೊಂಡದ್ದೂ ಉಂಟು, ಅತ್ತದ್ದೂ ಉಂಟು.

ನನ್ನ ತವರು ಕಾಸರಗೋಡು. ರಸಾಯನಶಾಸ್ತ್ರದಲ್ಲಿ ಪದವಿ ಮಾಡಿದವಳು. ಮದುವೆಯಾದ ಮೇಲೆ ಕೊಚ್ಚಿಯ ಪಕ್ಕದ ತ್ರಿಪ್ಪುಣಿತ್ತುರದಲ್ಲಿ ಬಾಡಿಗೆ ಮನೆ ಮಾಡಿದೆವು. ಮದುವೆಯಾದ ಎರಡನೇ ವರ್ಷಕ್ಕೆ ನನ್ನ ಯಜಮಾನರಿಗೆ ತಿರುವನಂತಪುರದ ಪಕ್ಕದ ತುಂಬ ಎಂಬ ಊರಿನ ಕೇಂದ್ರ ಸರ್ಕಾರದ ಕಚೇರಿಯಲ್ಲಿ ಉಗ್ರಾಣದ ಗುಮಾಸ್ತಿಕೆ ಸಿಕ್ಕಿತು. ಅವರು ತಿರುವನಂತಪುರದ ರೈಲು ನಿಲ್ದಾಣ ಇರುವ ತಂಪಾನೂರಿನ ಒಂದು ಲಾಡ್ಜಿನಲ್ಲಿ ಕೋಣೆ ಹಿಡಿದರು. ನನ್ನ ಕೆಲಸ ಬಿಡುವುದು ಬೇಡ ಎಂದು ಮಾತಾಯಿತು. ಅವರು ಹದಿನೈದು ದಿನಕ್ಕೊಮ್ಮೆ ಶನಿವಾರ ಬಂದು ಭಾನುವಾರ ಹೋಗುವುದು, ಉಳಿದ ದಿನ ಮನೆಯಲ್ಲಿ ನಾನು ಮತ್ತು ಅತ್ತೆ. ಅತ್ತೆಯ ಊರು ಪುತ್ತೂರಿನ ಕಡೆ. ಮಲಯಾಳ ಅರ್ಥವಾದರೂ ಅವರ ನಾಲಗೆಗೆ ಹತ್ತಲಿಲ್ಲ. ಹಾಗಾಗಿ ಹಗಲಿಡೀ ಅವರಿಗೆ ಮಾತಾಡಲು ಜನ ಇಲ್ಲ, ಸಂಜೆ ಬಂದ ನನಗೆ ಮಾತಾಡಲು ತ್ರಾಣ ಇಲ್ಲ.

ನನ್ನ ನೋವಿನ ಬಗ್ಗೆ ಹೇಳಬೇಕು. ಹದಿಮೂರನೇ ವಯಸ್ಸಿನಿಂದ ಇತ್ತು, ಮದುವೆಯ ನಂತರ ಏರುತ್ತಾ ಹೋಯಿತು. ತಿಂಗಳಲ್ಲಿ ಎರಡು ದಿನ ಕಿಬ್ಬೊಟ್ಟೆಯ ಎಡಗಡೆ ಯಾರೋ ಒಳಗಿಂದ ಹಿಂಡಿದ ಹಾಗೆ ಆಗುತ್ತಿತ್ತು. ವಾಂತಿ, ಬೆವರು, ಕಾಲು ಜೋಮು. ಬಸ್ಸಿನಲ್ಲಿ ನಿಲ್ಲಲಾರದೆ ಎರಡು ಸಲ ನಡುದಾರಿಯಲ್ಲಿ ಇಳಿದು ಯಾರದೋ ಅಂಗಡಿಯ ಜಗಲಿಯಲ್ಲಿ ಕೂತಿದ್ದೇನೆ. ಎರ್ನಾಕುಲಂನ ಒಬ್ಬ ಡಾಕ್ಟರಿಗೆ ತೋರಿಸಿದೆವು. ಅವರು ನನ್ನನ್ನು ಮುಟ್ಟಿಯೂ ನೋಡದೆ ಯಜಮಾನರ ಕಡೆ ತಿರುಗಿ, ಒಂದು ಮಗು ಆದರೆ ಎಲ್ಲಾ ಸರಿಹೋಗುತ್ತದೆ ಎಂದು ನಕ್ಕರು. ಇವರೂ ನಕ್ಕರು. ಮದುವೆಯಾಗಿ ನಾಲ್ಕು ವರ್ಷವಾದರೂ ಮಗು ಯಾಕಾಗಲಿಲ್ಲ ಎಂದು ಇಬ್ಬರೂ ಕೇಳಲಿಲ್ಲ. ನನಗೆ ಮೈ ಉರಿದುಹೋಯಿತು.

ಆ ದಿನಗಳಲ್ಲಿ ನಮ್ಮಲ್ಲಿ ಮೂರು ದಿನ ಹೊರಗೆ ಕೂರುವ ಪದ್ಧತಿ. ಹೊರಗೆ ಎಂದರೆ ನಮ್ಮ ಬಾಡಿಗೆ ಮನೆಯಲ್ಲಿ ಹಿಂದಿನ ಚಾವಡಿಯ ಚಾಪೆ. ಬೆಳಿಗ್ಗೆ ಅಲ್ಲಿಂದ ಎದ್ದು ಬಸ್ಸು ಹತ್ತಿ ಕೆಲಸಕ್ಕೆ ಹೋಗುತ್ತಿದ್ದೆ, ಸಂಜೆ ಬಂದು ಮತ್ತೆ ಚಾಪೆ. ಊರಿನವರನ್ನೆಲ್ಲ ಮುಟ್ಟಿಕೊಂಡು ಬಂದವಳು ಅತ್ತೆಯನ್ನು ಮಾತ್ರ ಮುಟ್ಟುವ ಹಾಗಿಲ್ಲ. ಅತ್ತೆ ಗಂಜಿಯ ಬಟ್ಟಲನ್ನು ದೂರದಿಂದ ಜರುಗಿಸುತ್ತಿದ್ದರು. ಅದರ ಜೊತೆಗೆ ಒಂದು ಸಣ್ಣ ಬಾಟಲಿ, ಕಾಗದ ಸುರುಟಿ ಮಾಡಿದ ಬಿರಡೆ.

"ಹೊಟ್ಟೆಗೆ ಹಚ್ಚಿ ಮಲಗು. ಎಂತ ಅಂತ ಕೇಳ್ಬೇಡ," ಎಂದರು ಮೊದಲ ಸಲ.

ಕೇಳಬೇಡ ಎಂದರೆ ನನ್ನ ಕಿವಿ ನೆಟ್ಟಗಾಗದೆ ಇರುತ್ತದೆಯೇ. ವಾಸನೆ ನನಗೆ ಚೆನ್ನಾಗಿ ಗೊತ್ತಿದ್ದದ್ದೇ, ಮಜ್ಜಿಗೆ ಹುಲ್ಲಿನ ಎಣ್ಣೆ. ಮನೆಬಾಗಿಲಿಗೆ ಎಣ್ಣೆ, ಬೇರು ಮಾರಿಕೊಂಡು ಬರುವ ಒಬ್ಬ ಹೆಂಗಸಿನಿಂದ ಅತ್ತೆ ಕೊಳ್ಳುತ್ತಿದ್ದರು. ಆದರೆ ಕೊಂಡದ್ದನ್ನು ಹಾಗೇ ಕೊಡುತ್ತಿರಲಿಲ್ಲ. ಅಡುಗೆಮನೆಯ ಬಾಗಿಲು ಹಾಕಿಕೊಂಡು ಏನೋ ಮಾಡುತ್ತಿದ್ದರು. ಸೌಟಿನ ಸದ್ದು, ಬಾಟಲಿ ಕುಲುಕಿಸುವ ಸದ್ದು ಕೇಳುತ್ತಿತ್ತು. ಹಚ್ಚಿಕೊಂಡರೆ ಒಂದು ಗಳಿಗೆ ಹಿತವಾಗುತ್ತಿತ್ತು, ಸುಳ್ಳು ಹೇಳುವುದಿಲ್ಲ. ಬಿಸಿ ಮೆಲ್ಲಗೆ ಇಳಿದು ಹಿಂಡುವುದು ಸಡಿಲಾಗಿ ಅರ್ಧ ಗಂಟೆ ಕಣ್ಣು ಹತ್ತುತ್ತಿತ್ತು. ಆಮೇಲೆ ಮತ್ತೆ ಅದೇ.

ಬಾಗಿಲು ಯಾಕೆ ಹಾಕಿಕೊಳ್ಳುತ್ತಾರೆ ಎಂಬ ಪ್ರಶ್ನೆ ನನ್ನ ತಲೆ ತಿನ್ನತೊಡಗಿತು. ನಾಲ್ಕು ವರ್ಷವಾದರೂ ಮೊಮ್ಮಗು ಇಲ್ಲ. ಮಗು ಆಗಲಿ ಎಂದು ಏನಾದರೂ ಹಾಕುತ್ತಿದ್ದಾರೆಯೇ? ಅಥವಾ ಬೇರೆ ಏನೋ ಮನಸ್ಸಿನಲ್ಲಿ ಇಟ್ಟುಕೊಂಡಿದ್ದಾರೆಯೇ? ಹೀಗೆಲ್ಲ ಯೋಚಿಸಿದ್ದಕ್ಕೆ ಈಗ ನಾಚಿಕೆಯಾಗುತ್ತದೆ, ಆಗ ಆಗಲಿಲ್ಲ.

ಒಂದು ಶನಿವಾರ ಇವರು ಬಂದಿದ್ದರು. ನಾನು ಹಿಂದಿನ ಚಾಪೆಯಲ್ಲಿ ಮುದುಡಿಕೊಂಡಿದ್ದೆ. ನಿದ್ದೆ ಬಂದಿದೆ ಎಂದು ತಿಳಿದಿರಬೇಕು, ಒಳಗೆ ಮಾತು ನಡೆಯಿತು.

"ಇವಳಿಗೆ ಇಷ್ಟು ನೋವು ಯಾಕಮ್ಮ?"

"ನೋವು ಎಂತ ನೋವು. ಎಲ್ಲರಿಗೂ ಬರುದೇ. ಕೆಲಸಕ್ಕೆ ಹೋಗುವವಳಲ್ವಾ, ಸ್ವಲ್ಪ ಮಾಡುದು ಜಾಸ್ತಿ."

ಮಾಡುದು ಜಾಸ್ತಿ, ಎಂದರೆ ನಟನೆ. ನಾನು ತುಟಿ ಕಚ್ಚಿಕೊಂಡು ಮಲಗಿದೆ. ಇವರು ಇಲ್ಲ ಎನ್ನಲಿಲ್ಲ, ಹೌದು ಎಂದೂ ಅನ್ನಲಿಲ್ಲ, ಹುಂ ಎಂದರು. ಆ ಹುಂ ನನಗೆ ನೋವಿಗಿಂತ ಹೆಚ್ಚು ತಾಗಿತು. ಅವತ್ತಿನಿಂದ ನನಗೆ ಬೇಕಾಗಿದ್ದದ್ದು ಔಷಧ ಅಲ್ಲ. ಈ ನೋವು ಇದೆ, ಇವಳು ಸುಳ್ಳಾಡುತ್ತಿಲ್ಲ ಎಂದು ಒಬ್ಬರಾದರೂ ಹೇಳಬೇಕಿತ್ತು.

ಸೋಮವಾರ ಅತ್ತೆಯ ಬಾಟಲಿಯನ್ನು ಕರವಸ್ತ್ರದಲ್ಲಿ ಸುತ್ತಿ ಕೆಲಸಕ್ಕೆ ತೆಗೆದುಕೊಂಡು ಹೋದೆ. ನಮ್ಮಲ್ಲಿ ಒಂದು ಸುಲಭದ ಪರೀಕ್ಷೆ ಇತ್ತು. ಒಳ್ಳೆಯ ಮಜ್ಜಿಗೆ ಹುಲ್ಲಿನ ಎಣ್ಣೆಯನ್ನು ಒತ್ತುಕಾಗದದ ಮೇಲೆ ಒಂದು ಹನಿ ಬಿಟ್ಟರೆ ಸ್ವಲ್ಪ ಹೊತ್ತಿನಲ್ಲಿ ಆರಿಹೋಗುತ್ತದೆ, ಗುರುತೂ ಉಳಿಯುವುದಿಲ್ಲ. ತೆಂಗಿನೆಣ್ಣೆ ಬೆರೆತಿದ್ದರೆ ಜಿಡ್ಡಿನ ಕಲೆ ಹಾಗೇ ಕೂರುತ್ತದೆ. ಅತ್ತೆಯ ಎಣ್ಣೆಯ ಹನಿ ಬಿಟ್ಟು, ಊಟ ಮುಗಿಸಿ ಬಂದು ನೋಡಿದೆ. ಕಾಗದದಲ್ಲಿ ದೊಡ್ಡ ಕಲೆ. ಹುಲ್ಲಿನ ಎಣ್ಣೆಗಿಂತ ತೆಂಗಿನೆಣ್ಣೆಯೇ ಹೆಚ್ಚು. ಬೇರೆ ಯಾವ ಬೇರೂ ಇಲ್ಲ, ಭಸ್ಮವೂ ಇಲ್ಲ, ಬರೀ ಬೆರಕೆ.

ನನಗೆ ಎಷ್ಟು ಸಮಾಧಾನವಾಯಿತೋ ಅಷ್ಟೇ ಸಿಟ್ಟೂ ಬಂತು. ನನಗೆ ಕೊಡುವ ಔಷಧಕ್ಕೂ ನೀರು ಹಾಕುವ ಬುದ್ಧಿಯೇ ಎಂದುಕೊಂಡೆ. ಅರ್ಧ ಗಂಟೆಗಿಂತ ಹೆಚ್ಚು ಹಿತವಾಗದಿರಲು ಕಾರಣ ಸಿಕ್ಕಿತಲ್ಲ ಎಂದೂ ಅನ್ನಿಸಿತು. ಬೆರಕೆಯಿಂದ ಅರ್ಧ ಗಂಟೆ ಬಿಡುಗಡೆ ಸಿಗುವುದಾದರೆ ಶುದ್ಧ ಎಣ್ಣೆಯಿಂದ ಇಡೀ ದಿನ ಸಿಗಬೇಡವೇ? ಲೆಕ್ಕ ಸರಿಯಾಗಿಯೇ ಇತ್ತು ನನ್ನ ಮಟ್ಟಿಗೆ. ಬಾಟಲಿಯನ್ನು ಪ್ರಯೋಗಶಾಲೆಯ ತೊಟ್ಟಿಗೆ ಸುರಿದೆ. ಪರೀಕ್ಷೆಗೆ ತೆಗೆದು ಉಳಿದ ಎಣ್ಣೆಯಲ್ಲಿ ಒಂದು ಸೀಸೆ ಕೇಳಿ ಇಸಿದುಕೊಂಡೆ. ನಾನೇ ಪಾಸು ಮಾಡಿದ್ದ ಎಣ್ಣೆ, ಹಡಗು ಹತ್ತಬೇಕಾದದ್ದು.

ಮುಂದಿನ ತಿಂಗಳು ನೋವು ಶುರುವಾದ ಸಂಜೆ ಅದನ್ನು ಅಂಗೈತುಂಬ ಸುರಿದುಕೊಂಡು ಹೊಟ್ಟೆಗೆ ತಿಕ್ಕಿದೆ. ಮೇಲೆ ಬಿಸಿನೀರಿನ ರಬ್ಬರ್ ಚೀಲ ಇಟ್ಟು ಸೀರೆ ಬಿಗಿದು ಮಲಗಿದೆ. ಮೊದಲು ಉರಿಯಿತು. ಶುದ್ಧವಲ್ಲವೇ, ಉರಿಯುವುದು ಸಹಜ ಎಂದುಕೊಂಡು ಹಲ್ಲು ಕಚ್ಚಿದೆ. ಆಮೇಲೆ ಕೂಗಿದೆ.

ಅತ್ತೆ ಓಡಿ ಬಂದರು. ಸೀರೆ ಸರಿಸಿ ನೋಡಿದರು. ಹೊಟ್ಟೆ ಪೂರ್ತಿ ಕೆಂಪಾಗಿ, ಎಡಗಡೆ ಗುಳ್ಳೆ ಎದ್ದಿತ್ತು.

"ಹಸಿ ಎಣ್ಣೆ ಹಚ್ಚಿದ್ಯಾ? ಮೇಲೆ ಬಿಸಿ ಬೇರೆ ಇಟ್ಟಿದ್ದೀಯಾ?"

"ನೀರು, ನೀರು ಹೊಯ್ಯಿರಿ ಅತ್ತೆ."

"ನೀರು ಹೊಯ್ದರೆ ಇನ್ನೂ ಹರಡ್ತದೆ. ಸುಮ್ನೆ ಮಲಗು."

ಹತ್ತಿಬಟ್ಟೆಯನ್ನು ತೆಂಗಿನೆಣ್ಣೆಯಲ್ಲಿ ಅದ್ದಿ ಮೆಲ್ಲಗೆ, ಗುಳ್ಳೆ ಒಡೆಯದ ಹಾಗೆ, ಹಸಿ ಎಣ್ಣೆಯನ್ನೆಲ್ಲ ಒರೆಸಿ ತೆಗೆದರು. ಬಟ್ಟೆ ಬದಲಿಸಿ ಬದಲಿಸಿ ಒರೆಸಿದರು. ಮುಟ್ಟಬಾರದವಳನ್ನು ಮುಟ್ಟುತ್ತಿದ್ದೇನೆ ಎಂಬುದು ಅವರ ತಲೆಗೆ ಬಂದಂತೆ ಕಾಣಲಿಲ್ಲ. ಆ ಎಣ್ಣೆ ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ರಸಾಯನಶಾಸ್ತ್ರ ಓದಿದ ನನಗೆ ಅದು ಹೊಳೆಯದೆ, ನಾಲ್ಕನೇ ಕ್ಲಾಸು ಓದಿದ ಅತ್ತೆಗೆ ಹೇಗೆ ಗೊತ್ತಾಯಿತು? ನೋವಿನ ನಡುವೆಯೂ ನನ್ನ ಅನುಮಾನ ಎದ್ದು ಕೂತಿತು. ಹಸಿ ಎಣ್ಣೆ ಸುಡುತ್ತದೆ ಎಂದು ಅತ್ತೆಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ನನಗೆ ಹೇಳಲಿಲ್ಲ.

ಸುದ್ದಿ ಕೇಳಿ ಇವರು ಮರುದಿನವೇ ಬಂದರು. ಸುಟ್ಟ ಜಾಗ ನೋಡಿದ ಮೇಲೆ ಮಾತ್ರ ಮುಖ ಸಣ್ಣದಾಯಿತು. ಕಣ್ಣಿಗೆ ಕಾಣುವ ನೋವನ್ನು ಜನ ಬೇಗ ನಂಬುತ್ತಾರೆ. ತುಂಬದಲ್ಲಿ ಅವರ ಜೊತೆ ಕೆಲಸ ಮಾಡುವ ಮೈಸೂರು ಕಡೆಯವರೊಬ್ಬರ ಹೆಂಡತಿ ತಿರುವನಂತಪುರದ ಒಬ್ಬ ಡಾಕ್ಟರಮ್ಮನಿಗೆ ತೋರಿಸುತ್ತಿದ್ದರಂತೆ. ಅಲ್ಲಿಗೇ ಹೋಗುವುದೆಂದಾಯಿತು. ಅತ್ತೆಯೂ ಹೊರಟರು. ನನ್ನನ್ನು ಕಾಯಲಿಕ್ಕೋ, ನಾನು ಡಾಕ್ಟರ ಹತ್ತಿರ ಏನು ಹೇಳುತ್ತೇನೆ ಎಂದು ಕೇಳಲಿಕ್ಕೋ ಎಂದು ರೈಲಿನಲ್ಲಿ ಇಡೀ ದಾರಿ ಯೋಚಿಸಿದೆ. ಗಾಡಿ ತಂಪಾನೂರು ಮುಟ್ಟುವವರೆಗೂ ನಾವಿಬ್ಬರೂ ನಾಲ್ಕು ಮಾತು ಆಡಿರಲಿಲ್ಲ.

ಆಸ್ಪತ್ರೆಯ ಕಾಯುವ ಕೋಣೆಯಲ್ಲಿ ಎರಡು ಉದ್ದದ ಬೆಂಚು. ಬಂದವರೆಲ್ಲ ಬಸುರಿಯರು. ಚೀಟಿ ಬರೆಯುವ ಹೆಂಗಸು ತಲೆಯೆತ್ತದೆ "ಎಷ್ಟನೇ ತಿಂಗಳು?" ಎಂದಳು. ಇಲ್ಲ ಎಂದೆ. ಹಾಗಾದರೆ ಯಾಕೆ ಬಂದದ್ದು ಎನ್ನುವಂತೆ ನನ್ನ ಮುಖ ನೋಡಿದಳು. ಬೆಂಚಿನಲ್ಲಿ ಜಾಗ ಇರಲಿಲ್ಲ, ಗೋಡೆಗೆ ಒರಗಿ ನಿಂತೆ. ತುಂಬು ಬಸುರಿಯಾದ ಒಬ್ಬ ಮೀನುಗಾರರ ಹೆಂಗಸು ನನ್ನನ್ನು ಸ್ವಲ್ಪ ಹೊತ್ತು ನೋಡಿ, ತನ್ನ ಪಕ್ಕದವಳನ್ನು ಮೊಣಕೈಯಿಂದ ತಳ್ಳಿ, "ಇರಿಕ್ಕ್ ಮೋಳೇ," ಕೂತುಕೋ ಮಗಳೇ, ಎಂದು ಅಂಗೈಯಗಲ ಜಾಗ ಮಾಡಿಕೊಟ್ಟಳು. ಏನು ಕಾಯಿಲೆ ಎಂದು ಅವಳು ಕೇಳಲಿಲ್ಲ. ಅವಳ ಹೆಸರೂ ನನಗೆ ಗೊತ್ತಿಲ್ಲ. ಆ ಅಂಗೈಯಗಲ ಜಾಗ ನಾನು ಇವತ್ತಿಗೂ ಮರೆತಿಲ್ಲ.

ಒಳಗೆ ಕರೆದಾಗ ಅತ್ತೆಯನ್ನು ಹೊರಗೇ ಕೂರಿಸಿದರು. ಡಾಕ್ಟರಮ್ಮ ಬರುವ ಮೊದಲು ನರ್ಸ್ ನನ್ನ ಹೊಟ್ಟೆಯ ಮೇಲಿನ ಬಟ್ಟೆ ಸರಿಸಿದಳು. ಸುಟ್ಟದ್ದನ್ನು ಕಂಡು ಬಾಗಿಲ ಕಡೆ ನೋಡಿದಳು. ಆಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿ, ಮಲಯಾಳದಲ್ಲಿ, "ಯಾರು ಮಾಡಿದ್ದು ಇದು? ಹೊರಗೆ ಕೂತಿದ್ದಾರಲ್ಲ, ಗಂಡನ ತಾಯಿಯಾ? ಹೆದರಬೇಡ, ಹೇಳು," ಎಂದಳು.

ಅಲ್ಲ ಎಂದು ತಕ್ಷಣ ಹೇಳಬೇಕಿತ್ತು. ನಾನು ಹೇಳಲಿಲ್ಲ. ಮಾಡುದು ಜಾಸ್ತಿ ಎಂದ ದನಿ ಕಿವಿಯಲ್ಲಿತ್ತು. ಗೊತ್ತಿದ್ದೂ ಹೇಳದೆ ಇದ್ದರಲ್ಲ ಎಂಬುದೂ ಇತ್ತು. ಒಂದು ಸಲವಾದರೂ ಅತ್ತೆಯನ್ನು ಯಾರಾದರೂ ಅನುಮಾನದಿಂದ ನೋಡಲಿ ಎಂದು ಸುಮ್ಮನೆ ಚಾವಣಿ ನೋಡುತ್ತಾ ಮಲಗಿದೆ. ನರ್ಸ್ ಹೋಗಿ ಬಾಗಿಲು ತೆರೆದು ಅತ್ತೆಯನ್ನು ದಿಟ್ಟಿಸಿ ನೋಡಿದ್ದು ನನಗೆ ಮಲಗಿದಲ್ಲಿಂದಲೇ ಕಂಡಿತು. ಅತ್ತೆ ಏನೂ ತಿಳಿಯದೆ, ನನ್ನನ್ನೇ ಕರೆಯುತ್ತಾರೇನೋ ಎಂದು ಎದ್ದು ನಿಂತರು. ಕೈಯಲ್ಲಿ ನನ್ನ ಚಪ್ಪಲಿ ಹಿಡಿದುಕೊಂಡಿದ್ದರು. ಯಾರಾದರೂ ಕದ್ದಾರೆಂದು.

"ನಾನೇ ಹಚ್ಚಿಕೊಂಡದ್ದು ಸಿಸ್ಟರ್. ಅವರು ಒರೆಸಿದ್ದರಿಂದ ಇಷ್ಟಕ್ಕೇ ನಿಂತಿತು," ಎಂದೆ. ನರ್ಸ್ ನಂಬಿದಳೋ ಇಲ್ಲವೋ ತಿಳಿಯಲಿಲ್ಲ.

ಡಾಕ್ಟರಮ್ಮ ಐವತ್ತು ದಾಟಿದವರು, ಮಾತು ಕಡಿಮೆ. ಇಷ್ಟು ಸುಡುವ ಎಣ್ಣೆ ಯಾಕೆ ಹಚ್ಚಿಕೊಂಡೆ ಎಂದು ಕೇಳಿದರು. ನೋವಿಗೆ ಎಂದೆ. ಸುಡುವುದನ್ನೂ ತಡೆದುಕೊಂಡು ಮಲಗಿದ್ದೆಯಾದರೆ ಒಳಗಿನ ನೋವು ಎಷ್ಟಿರಬೇಕು ಎಂದರು. ಅಷ್ಟೇ. ನನಗೆ ಅಳು ಬಂದುಬಿಟ್ಟಿತು. ಹನ್ನೆರಡು ವರ್ಷಗಳಲ್ಲಿ ಆ ಮಾತು ಹೇಳಿದ ಮೊದಲ ಮನುಷ್ಯರು ಅವರು. ಅಳು ನಿಲ್ಲುವವರೆಗೆ ಕಾದು, ಕೈ ತೊಳೆದು, ಪರೀಕ್ಷೆ ಮಾಡಿದರು. ಎಡಗಡೆ ಒಂದು ಗಂಟು ಕೈಗೆ ಸಿಗುತ್ತಿದೆ, ಹೊಟ್ಟೆ ತೆರೆದೇ ನೋಡಬೇಕು ಎಂದರು.

ಎಣ್ಣೆಯಿಂದ ಆದದ್ದೇ ಎಂದು ಕೇಳಿದೆ. ಎಣ್ಣೆ ಚರ್ಮದ ಮೇಲಿನ ಮಾತು, ಇದು ವರ್ಷಗಟ್ಟಲೆ ಒಳಗೆ ಬೆಳೆದದ್ದು ಎಂದರು. ಹೊರಗೆ ಬಂದು ಹೇಳಿದಾಗ ಇವರು ಬೆಂಚಿನ ಮೇಲೆ ಕೂತುಬಿಟ್ಟರು. ಗಂಟು ಎಂದರೆ ಆ ಕಾಲದಲ್ಲಿ ಎಲ್ಲರ ಮನಸ್ಸಿಗೂ ಬರುತ್ತಿದ್ದದ್ದು ಒಂದೇ ರೋಗ. ಅತ್ತೆ ಮಾತ್ರ ಯಾವ ಕಡೆ ಎಂದು ಕೇಳಿದರು. ಎಡಗಡೆ ಎಂದೆ. ಅವರು ಆಚೆ ಮುಖ ತಿರುಗಿಸಿಕೊಂಡರು. ಆಗಲೂ ನನಗೆ ಅನುಮಾನವೇ. ಅತ್ತೆಗೆ ಇನ್ನೂ ಏನೇನು ಗೊತ್ತಿದೆಯಪ್ಪಾ ಎಂದು.

ಸುಟ್ಟದ್ದು ಮಾಗಿದ ಮೇಲೆ ಆಪರೇಷನ್ ಆಯಿತು. ಹಳೆಯ ರಕ್ತ ಹೆಪ್ಪುಗಟ್ಟಿ ನಿಂಬೆಹಣ್ಣಿಗಿಂತ ದೊಡ್ಡದಾದ ಗಂಟು. ಹೆದರಿದ ರೋಗವಲ್ಲ. ಒಂದು ಕಡೆಯ ಅಂಡಾಶಯ ತೆಗೆದರು. ಡಾಕ್ಟರಮ್ಮ ಅದನ್ನು ತಟ್ಟೆಯಲ್ಲಿಟ್ಟು ಇವರಿಗೂ ಅತ್ತೆಗೂ ತೋರಿಸಿದರಂತೆ. ಇವರು ನೋಡಲಾರದೆ ಹೊರಗೆ ಹೋದರು. ಅತ್ತೆ ಬಗ್ಗಿ ತುಂಬ ಹೊತ್ತು ನೋಡಿದರಂತೆ.

ಮೂರನೇ ದಿನ ಮಧ್ಯಾಹ್ನ ಗಂಜಿ ಕುಡಿಸುತ್ತಾ ಅತ್ತೆ ತಾವಾಗಿಯೇ ಬಾಯಿ ಬಿಟ್ಟರು.

"ನನಗೂ ಇತ್ತು. ಅದೇ ಕಡೆ."

ನಾನು ಚಮಚ ತಡೆದೆ.

"ಹದಿನೇಳು ವರ್ಷ ಆಗ. ಯಾರೋ ಹೇಳಿದ್ರು ಅಂತ ಹಸಿ ಎಣ್ಣೆ ಹಚ್ಚಿದೆ. ಸುಟ್ಟು ಹೋಯ್ತು. ಅದಕ್ಕೇ ನಿನಗೆ ತೆಂಗಿನೆಣ್ಣೆ ಸೇರ್ಸಿ ಕೊಡುದು, ಒಂದು ಚಮಚಕ್ಕೆ ನಾಲ್ಕೇ ಹನಿ. ಹೇಳ್ಲಿಕ್ಕೆ ಹೋದ್ರೆ ಎಲ್ಲಾ ಹೇಳ್ಬೇಕಲ್ಲ. ನಾಚಿಕೆ ಆಯ್ತು. ಬಾಗಿಲು ಹಾಕಿಕೊಂಡೆ."

ಇಲ್ಲಿ ನಾನು ಕರಗಿಹೋದೆ ಎಂದು ಬರೆಯಬಹುದಿತ್ತು. ಹಾಗಾಗಲಿಲ್ಲ. ನನಗೆ ಬಂದದ್ದು ಕೆಟ್ಟ ಸಿಟ್ಟು. ಹೊಲಿಗೆ ಎಳೆಯುತ್ತಿದ್ದರೂ ಕೇಳಿಯೇಬಿಟ್ಟೆ.

"ಮತ್ತೆ ಅವರ ಹತ್ರ ಯಾಕೆ ಹೇಳಿದ್ದು, ಇವಳು ಮಾಡುದು ಜಾಸ್ತಿ ಅಂತ? ನಾನು ಕೇಳಿದ್ದೇನೆ."

ಅತ್ತೆ ಬಟ್ಟಲು ಕೆಳಗಿಟ್ಟರು. "ನನ್ನ ಅತ್ತೆ ನನಗೆ ಹಾಗೇ ಹೇಳಿದ್ರು. ಅವರು ಹೇಳಿ ಹೇಳಿ, ಹೌದು, ನಾನೇ ಮಾಡುದು ಜಾಸ್ತಿ ಅಂತ ನಂಬಿದ್ದೆ. ಮೊನ್ನೆ ಆ ತಟ್ಟೆ ನೋಡುವವರೆಗೆ ನಂಬಿದ್ದೆ."

ನರ್ಸಿನ ಮುಂದೆ ನಾನು ಸುಮ್ಮನಿದ್ದದ್ದನ್ನು ಆಗಲೇ ಹೇಳಿಬಿಡಬೇಕು ಎನ್ನಿಸಿತು. ಹೇಳಲಿಲ್ಲ. ಕೊನೆಗೂ ಹೇಳಲಿಲ್ಲ. ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ.

ನೋವು ಆಮೇಲೆ ಪೂರ್ತಿ ಹೋಯಿತೇ ಎಂದು ಕೇಳುವವರಿಗೆ, ಇಲ್ಲ. ಅರ್ಧಕ್ಕಿಂತ ಕಡಿಮೆಯಾಯಿತು, ಬದುಕಬಹುದಾದಷ್ಟು. ಮಕ್ಕಳಾಗಲಿಲ್ಲ. ಅದರ ಅಳು ಅತ್ತು ಮುಗಿದಿದೆ. ಎಣ್ಣೆ ಹಚ್ಚುವುದನ್ನು ಬಿಡಲಿಲ್ಲ. ಚಮಚಕ್ಕೆ ನಾಲ್ಕೇ ಹನಿ, ಬಾಗಿಲು ತೆರೆದಿಟ್ಟೇ ಬೆರೆಸುತ್ತಿದ್ದೆವು. ಅದು ಹಿತ ಕೊಡುತ್ತದೆ, ಗಂಟು ಕರಗಿಸುವುದಿಲ್ಲ. ಕರಗಿಸುತ್ತದೆ ಎಂದು ಯಾರಾದರೂ ಮಾರಲು ಬಂದರೆ ದಯವಿಟ್ಟು ನನ್ನಂತೆ ಅನುಮಾನ ಪಡಿ.

ಇನ್ನೊಂದು ಸಂಗತಿ ಇದೆ. ಆಪರೇಷನ್ ಆಗಿ ಎರಡು ತಿಂಗಳಿಗೆ ಮತ್ತೆ ತೋರಿಸಲು ಹೋಗಿದ್ದೆವು. ಚೀಟಿ ಬರೆಯುವ ಕಿಟಕಿಯಲ್ಲಿ ನನ್ನ ಹೆಸರು ಹೇಳಿ ಸರಿದರೆ, ಹಿಂದಿನಿಂದ ಅತ್ತೆ ಮುಂದೆ ಬಂದರು.

"ಪರಮೇಶ್ವರಿ ಅಂತ ಬರೀಲಿಕ್ಕೆ ಹೇಳು. ಐವತ್ತೆಂಟು."

ಅವರಿಗೂ ಚೀಟಿ ಸಿಕ್ಕಿತು. ಡಾಕ್ಟರಮ್ಮ ನನ್ನನ್ನು ನೋಡಿ ಮುಗಿಸಿ, ಅತ್ತೆಗೆ ಈಗ ಏನು ತೊಂದರೆ ಎಂದು ಕೇಳಿದರು.

"ಈಗ ಎಂತದ್ದೂ ಇಲ್ಲ," ಎಂದರು ಅತ್ತೆ, ನನ್ನ ಕಡೆ ನೋಡಿ. "ಎಲ್ಲಾ ನಿಂತು ಹತ್ತು ವರ್ಷ ಆಯ್ತು. ಮೊದಲು ಇತ್ತು. ಮೂವತ್ತು ವರ್ಷ ಇತ್ತು. ಇತ್ತು ಅಂತ ಬರೀಲಿಕ್ಕೆ ಹೇಳು ಅವರಿಗೆ."

ನಾನು ಮಲಯಾಳದಲ್ಲಿ ಹೇಳಿದೆ. ಡಾಕ್ಟರಮ್ಮ ನಗುತ್ತಾರೆಂದು ಹೆದರಿದ್ದೆ. ಹೊರಗೆ ಬೆಂಚು ತುಂಬ ಜನ ಕಾಯುತ್ತಿದ್ದರು. ಅವರು ನಗಲಿಲ್ಲ. ಎಲ್ಲಿ ಎಂದು ಕೇಳಿದರು. ಅತ್ತೆ ಸೀರೆಯ ಮೇಲಿಂದಲೇ ಕೈಯಿಟ್ಟು ತೋರಿಸಿದರು. ಎಷ್ಟು ಜೋರು, ಎಷ್ಟು ದಿನ, ವಾಂತಿ ಆಗುತ್ತಿತ್ತೇ, ಎಲ್ಲವನ್ನೂ ಕೇಳಿ ಇಂಗ್ಲಿಷಿನಲ್ಲಿ ಬರೆದು, ಕೆಳಗೆ ರುಜು ಹಾಕಿ ಕೊಟ್ಟರು. ಔಷಧ ಬರೆಯಲಿಲ್ಲ.

ಹೊರಗೆ ಬಂದು ಅತ್ತೆ ಚೀಟಿಯನ್ನು ನನ್ನ ಕೈಗಿತ್ತರು. "ಓದು."

"ಮೂವತ್ತು ವರ್ಷ ಪ್ರತಿ ತಿಂಗಳು ತೀವ್ರವಾದ ನೋವು ಇತ್ತು ಅಂತ ಬರೆದಿದ್ದಾರೆ."

"ತೀವ್ರ ಅಂತ ಅವರೇ ಬರ್ದದ್ದಾ, ನೀನು ಸೇರ್ಸಿದ್ದಾ?"

"ಅವರೇ ಬರೆದದ್ದು ಅತ್ತೆ."

ಅವರು ನಂಬಲಿಲ್ಲ. ಸಂಜೆ ತಂಪಾನೂರಿನ ಪ್ಲಾಟ್‌ಫಾರ್ಮಿಗೆ ಇವರು ನಮ್ಮನ್ನು ರೈಲು ಹತ್ತಿಸಲು ಬಂದಾಗ, ಚೀಟಿಯನ್ನು ಸೆರಗಿನ ತುದಿಯಿಂದ ಬಿಚ್ಚಿ ಮಗನ ಮುಂದೆ ಹಿಡಿದರು. ಇವರು ಜೋರಾಗಿ ಓದಲು ಶುರುಮಾಡಿ ನಡುವೆ ನಿಂತುಬಿಟ್ಟರು.

"ಅಮ್ಮಾ, ನನಗೆ ನೀನು ಒಂದು ದಿನವೂ ಹೇಳ್ಲಿಲ್ಲ."

"ಹೇಳಿದ್ರೆ ನೀನು ಎಂತ ಅಂತಿದ್ದಿ?"

ಗಾಡಿ ಪ್ಲಾಟ್‌ಫಾರ್ಮಿಗೆ ಬಂದು ನಿಂತಿತು. ಅತ್ತೆ ಚೀಟಿಯನ್ನು ಮಗನ ಕೈಯಿಂದ ವಾಪಸು ತೆಗೆದುಕೊಂಡು, ನನ್ನ ತೋಳು ಹಿಡಿದು, ಹೊಲಿಗೆ ಹಾಕಿದ್ದ ಜಾಗಕ್ಕೆ ಪೆಟ್ಟಾಗದ ಹಾಗೆ ಗಾಡಿ ಹತ್ತಿಸಿದರು.